ಗುವಾಹಟಿ ಎಷ್ಟು ದೂರ

ಸುದ್ದಿ ಬಂದಾಗ ಸತ್ಯಭಾಮೆ ಅಂಗಳದಲ್ಲಿ ಕೂತು ತಾಮ್ರದ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಊರಿನ ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಬರುವ ಭಾನುವಾರ ಶುರುವಾಗಿ ಐದು ದಿನ ಬ್ರಹ್ಮಕಲಶ, ದೇವರ ಮರುಪ್ರತಿಷ್ಠೆ. ಅರಳಸುರಳಿ ಕಡೆಯ ಆ ಪುಟ್ಟ ಊರಿಗೆ ಇಷ್ಟು ದೊಡ್ಡ ಕೆಲಸ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ. ಅವಳ ಗಂಡ ಸುಬ್ಬಕೃಷ್ಣನಿಗಂತೂ ತಾನು ಹುಟ್ಟಿದ್ದೇ ಆ ಭಾನುವಾರಕ್ಕಾಗಿ ಅನ್ನಿಸಿಬಿಟ್ಟಿತ್ತು. ಮನೆತನದ ಹಕ್ಕಿನಿಂದ ಯಜಮಾನನಾಗಿ ಸಂಕಲ್ಪಕ್ಕೆ ಕೂರುವವನು ಅವನೇ, ಪಕ್ಕದಲ್ಲಿ ಹೆಂಡತಿ. ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದ ಮನುಷ್ಯ ತಿಂಗಳಿಂದ ಬೇರೆ ಮಾತೇ ಆಡಿರಲಿಲ್ಲ.

ಜಗಲಿಯ ಮೇಲಿದ್ದ ಫೋನು ಕೂಗಿಕೊಂಡಿತು. ಒಂದು ಕೈ ಒರೆಸಿಕೊಂಡು ಎತ್ತಿದರೆ ಗುವಾಹಟಿಯಿಂದ ಧೃತಿ, ಗಂಡನ ಅಣ್ಣ ಪದ್ಮನಾಭರ ಮಗಳು.

"ಚಿಕ್ಕಮ್ಮಾ, ಅಪ್ಪ ಹೋದ್ರು."

ಅಷ್ಟು ಹೇಳಿ ಹುಡುಗಿ ಅತ್ತಳು. ಸತ್ಯಭಾಮೆ ಹುಣಸೆಹುಳಿ ಮೆತ್ತಿದ ಕೈಯಲ್ಲೇ ಕಂಬ ಹಿಡಿದುಕೊಂಡು ನಿಂತಳು. ಎರಡು ಸಾವಿರ ಕಿಲೋಮೀಟರ್ ಆಚೆ ಮೂಗೆಳೆದದ್ದು, ಯಾರೋ ಹೆಂಗಸು ಸಮಾಧಾನ ಹೇಳಿದ್ದು, ಹೊರಗೆ ರಸ್ತೆಯಲ್ಲಿ ಹಾರ್ನ್ ಹೊಡೆದದ್ದು ಎಲ್ಲ ಕೇಳಿಸುತ್ತಿತ್ತು.

"ಬೆಳಗಿನ ಜಾವ ಹೋದ್ರು. ನಿನ್ನೆ ಆಸ್ಪತ್ರೆಯಲ್ಲಿ ಒಂದೇ ಮಾತು ಹೇಳಿದ್ರು ಚಿಕ್ಕಮ್ಮ. ಹತ್ತನೇ ದಿನ ಸುಬ್ಬು ಬಂದು ಒಂದು ಬೊಗಸೆ ನೀರು ಬಿಡ್ಲಿ ಅಂತ. ಅಮ್ಮಂಗೂ ನಂಗೂ ಅದೆಲ್ಲ ತಿಳಿಯೋದಿಲ್ಲ. ಚಿಕ್ಕಪ್ಪ ಬರ್ತಾರಾ?"

ಧೃತಿ ಕನ್ನಡ ಕಲಿತದ್ದು ಅಪ್ಪನೊಬ್ಬರ ಬಾಯಿಂದ. ಅವಳು 'ಬೊಗಸೆ' ಅಂದಾಗ ಪದ್ಮನಾಭ ಭಾವನೇ ಅಂದ ಹಾಗಿತ್ತು.

"ಬರ್ತಾರೆ" ಎಂದುಬಿಟ್ಟಳು ಸತ್ಯಭಾಮೆ. ಗಂಡನನ್ನು ಕೇಳದೆ ಗಂಡನ ಪರವಾಗಿ ಕೊಟ್ಟ ಮಾತು. ಫೋನಿಟ್ಟ ಮೇಲೆ ಅವಳಿಗೆ ಅದರ ಭಾರ ಗೊತ್ತಾಯಿತು. ಆದರೂ ಹಿಂದೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಪದ್ಮನಾಭರ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಕೇಂದ್ರ ಸರ್ಕಾರದ ಶಾಲೆಯಲ್ಲಿ ಮೇಷ್ಟ್ರಾಗಿ ಅಸ್ಸಾಮಿಗೆ ಹೋದರು. ಅಲ್ಲೇ ಜೊತೆಗೆ ಪಾಠ ಮಾಡುತ್ತಿದ್ದ ಮಿನೋತಿಯನ್ನು ಮದುವೆಯಾದರು. ಅವಳು ಮೀನು ತಿನ್ನುವವಳು ಅನ್ನುವ ಸುದ್ದಿ ಮದುವೆಯ ಸುದ್ದಿಗಿಂತ ಮೊದಲೇ ಊರು ಮುಟ್ಟಿತ್ತು. ಮಾವನವರು ಎರಡು ದಿನ ಊಟ ಬಿಟ್ಟರು, ಮೂರನೇ ದಿನ ಹೊಟ್ಟೆ ತುಂಬ ಉಂಡು ನನಗೆ ಒಬ್ಬನೇ ಮಗ ಎಂದರು. ಅಲ್ಲಿಂದ ಮುಂದೆ ಈ ಮನೆಯಲ್ಲಿ ಪದ್ಮನಾಭರ ಹೆಸರು ಎತ್ತುವ ಹಾಗಿರಲಿಲ್ಲ. ಅವರು ಯುಗಾದಿಗೆ, ದೀಪಾವಳಿಗೆ ತಪ್ಪದೆ ಫೋನು ಮಾಡುತ್ತಿದ್ದರು. ಮಾತಾಡುತ್ತಿದ್ದವಳು ಸತ್ಯಭಾಮೆ ಒಬ್ಬಳು. ಬಾವಿಕಟ್ಟೆ ಹತ್ತಿರದ ಹಲಸು ಕಾಯಿ ಬಿಟ್ಟಿದೆಯಾ, ಈ ಸಲ ಮಾವಿನ ಮಿಡಿಗೆ ಯಾರನ್ನು ಮರ ಹತ್ತಿಸಿದಿರಿ, ತುಂಗೆಯಲ್ಲಿ ನೀರೆಷ್ಟಿದೆ. ಕೇಳುತ್ತಿದ್ದದ್ದು ಇಂಥವನ್ನೇ. ಕೊನೆಗೆ "ಸುಬ್ಬು ಹುಷಾರಾಗಿದಾನಲ್ಲ?" ಎಂದು ಕೇಳಿ ಇಡುತ್ತಿದ್ದರು. ಸುಬ್ಬು ಆಗ ಪಕ್ಕದ ಕುರ್ಚಿಯಲ್ಲೇ ಪೇಪರು ಹಿಡಿದು, ಒಂದೇ ಪುಟವನ್ನು ಬಹಳ ಹೊತ್ತು ಓದುತ್ತಿರುತ್ತಿದ್ದ.

ಗಂಡನಿಗೆ ಸುದ್ದಿ ಹೇಳಿದಾಗ ಅವನು ಜಗಲಿಯ ಮೇಲೆ ಕೂತ. ಅವಳು ಒಳಗಿಂದ ನೀರು ತಂದುಕೊಟ್ಟಳು, ಕುಡಿಯಲಿಲ್ಲ. ಅಳಲಿ, ಒಳ್ಳೆಯದು ಎಂದುಕೊಂಡಳು. ಅಷ್ಟರಲ್ಲಿ ಅವನು ಬಾಯಿ ಬಿಟ್ಟ.

"ಭಾನುವಾರ ಬ್ರಹ್ಮಕಲಶ ಅಲ್ದಾ."

ಸತ್ಯಭಾಮೆಗೆ ಮೈ ಉರಿಯಿತು. ಒಂದೇ ಮನೆತನದವರು ತೀರಿಕೊಂಡರೆ ಹತ್ತು ದಿನ ಸೂತಕ. ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ, ಪೂಜೆಗೆ ಕೂರುವ ಹಾಗಿಲ್ಲ, ಮಡಿಯಲ್ಲಿದ್ದವರನ್ನು ಮುಟ್ಟುವ ಹಾಗಿಲ್ಲ. ಇದು ಅವಳಿಗೂ ಗೊತ್ತು. ಆದರೆ ಅಣ್ಣ ಸತ್ತ ಗಳಿಗೆಯಲ್ಲಿ ತಮ್ಮನಿಗೆ ಮೊದಲು ಹೊಳೆಯುವ ಲೆಕ್ಕ ಇದೇ ಆಗಬೇಕಾ?

ಮಧ್ಯಾಹ್ನಕ್ಕೆ ಪುರೋಹಿತರು ಮುಕುಂದಯ್ಯನವರು ಬಂದರು. ಅವರ ಹಿಂದೆಯೇ ನಟರಾಜ. ಇವನು ಸುಬ್ಬಕೃಷ್ಣನ ದಾಯಾದಿ ತಮ್ಮ, ದೇವಸ್ಥಾನ ಸಮಿತಿಯ ಅಧ್ಯಕ್ಷ. ಸೂತಕ ಅವನಿಗೂ ತಾಗುವುದರಿಂದ ಮುಖ ಸಣ್ಣಗಾಗಿತ್ತು. ಚಪ್ಪರ ಹಾಕಿಯಾಗಿದೆ, ಸಾಗರದಿಂದ ಚಂಡೆಯವರನ್ನು ಗೊತ್ತುಮಾಡಿಯಾಗಿದೆ, ಊಟಕ್ಕೆ ಇಡೀ ಸೀಮೆಗೆ ಹೇಳಿಯಾಗಿದೆ.

ಮುಕುಂದಯ್ಯನವರು ಕೆಟ್ಟವರಲ್ಲ. ಎಲ್ಲರ ಮನೆಯ ಕಷ್ಟಕ್ಕೂ ಶಾಸ್ತ್ರದಲ್ಲಿ ಒಂದು ಕಿಟಕಿ ಹುಡುಕಿ ಕೊಡುವವರು. ಇವತ್ತೂ ಹುಡುಕಿಕೊಂಡೇ ಬಂದಿದ್ದರು.

"ಗುವಾಹಟಿ ಅಂದ್ರೆ ದೇಶಾಂತರ ಆಯ್ತು" ಎಂದರು, ಬೆನ್ನನ್ನು ಕಂಬಕ್ಕೆ ಆನಿಸಿ. "ನಡುವೆ ಮಹಾನದಿ ಇದೆ, ಪರ್ವತ ಇದೆ, ಅಲ್ಲಿಯವ್ರ ಭಾಷೆ ಬೇರೆ. ಅಷ್ಟು ದೂರದಲ್ಲಿ ಜ್ಞಾತಿ, ಅಂದ್ರೆ ದಾಯಾದಿ, ಹೋದ್ರೆ ಇಲ್ಲಿಯವ್ರಿಗೆ ಸ್ನಾನ ಮಾತ್ರದಿಂದ ಶುದ್ಧಿ. ತಲೆ ಮೇಲೆ ನೀರು ಹಾಕ್ಕೊಳ್ಳಿ, ಮುಗೀತು."

ನಟರಾಜನ ಉಸಿರು ಹೊರಬಿತ್ತು. "ದೂರ ಎಷ್ಟಿರಬೇಕು ಭಟ್ರೇ? ಯಾರಾದ್ರೂ ಕೇಳಿದ್ರೆ ಹೇಳೋಕೆ ಬೇಕಲ್ಲ."

ದೂರ ಅಂದ ಕೂಡಲೇ ಸುಬ್ಬಕೃಷ್ಣನಿಗೆ ಜೀವ ಬಂತು. ಲೆಕ್ಕದ ಮೇಷ್ಟ್ರು ನೋಡಿ. ಕನ್ನಡಕ ಮೂಗಿಗೇರಿಸಿ ಮೊಬೈಲಿನಲ್ಲಿ ಬೆಂಗಳೂರು, ಗುವಾಹಟಿ ಎಂದು ಒತ್ತಿದ. ಬಂದದ್ದನ್ನು ಗಟ್ಟಿಯಾಗಿ ಓದಿದ. ಬರೆದದ್ದನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲದ ಮನುಷ್ಯ, ಪೂರ್ತಿ ಓದಿದ.

"ನೇರ ದೂರ ಎರಡು ಸಾವಿರ ಕಿಲೋಮೀಟರ್ ಚಿಲ್ಲರೆ. ವಿಮಾನ ಪ್ರಯಾಣದ ಅವಧಿ ಸುಮಾರು ಮೂರು ಗಂಟೆ."

ಬಾಗಿಲ ಹತ್ತಿರ ನಿಂತಿದ್ದ ಸತ್ಯಭಾಮೆ ಕೇಳಿದಳು. "ಎಷ್ಟು ಅಂದ್ರಿ?"

ಸುಬ್ಬಕೃಷ್ಣ ಮೊಬೈಲು ಕೆಳಗಿಟ್ಟ.

"ಮೂರು ಗಂಟೆ ಅಂದ್ರಿ" ಎಂದಳು ಅವಳೇ. "ಹೊಸನಗರದಲ್ಲಿ ಬಸ್ ತಪ್ಪಿದ್ರೆ ಇಲ್ಲೇ ಪಕ್ಕದಲ್ಲಿರೋ ನನ್ನ ತವರಿಗೆ ಹೋಗೋಕೂ ಅಷ್ಟು ಹೊತ್ತು ಬೇಕು. ನಟರಾಜ, ನಿಮ್ಮ ಮಗ ಬೆಂಗಳೂರಿಂದ ಬರೋದು ಹ್ಯಾಗೆ? ರಾತ್ರಿಯಿಡೀ ಬಸ್ಸಲ್ಲಿ ಕೂತು. ಗುವಾಹಟಿಗಿಂತ ಅವನೇ ದೂರ ಇದಾನೆ."

"ಅತ್ತಿಗೆ, ಅದು ಬೆಂಗಳೂರಿಂದ ಮೂರು ಗಂಟೆ. ನಮ್ಮೂರಿಂದ ಅಲ್ಲ."

"ಶಿವಮೊಗ್ಗಕ್ಕೂ ವಿಮಾನ ಬರ್ತದಲ್ಲ ಈಗ. ಎಲ್ಲ ಸೇರ್ಸಿದ್ರೂ ಒಂದು ಹಗಲು ಅನ್ನಿ. ಒಂದು ಹಗಲಿನ ದಾರಿ ದೇಶಾಂತರ ಆದ್ರೆ ಈ ಊರಲ್ಲಿ ಯಾರಿಗೂ ಯಾರ ಸೂತಕವೂ ಇರೋದಿಲ್ಲ."

ಮುಕುಂದಯ್ಯನವರು ನಕ್ಕರು. ಮಕ್ಕಳ ಪ್ರಶ್ನೆಗೆ ನಗುವ ನಗು. "ಅಮ್ಮಾ, ವಿಮಾನ ನೋಡಿ ಶಾಸ್ತ್ರ ಬದಲಾಗೋದಿಲ್ಲ. ನದಿ ಇದೆಯೋ ಇಲ್ಲವೋ ಅಷ್ಟೇ ಪ್ರಶ್ನೆ."

"ಸ್ವಾಮಿ, ಹಿಂದಿನವ್ರು ಹಾಗೆ ಬರೆದಿದ್ದು ಎಂತಕ್ಕೆ? ನದಿ ದಾಟಿ, ಗುಡ್ಡ ಹತ್ತಿ ಸುದ್ದಿ ಬರೋದ್ರೊಳಗೆ ತಿಂಗಳಾಗ್ತಿತ್ತು ಅಂತ. ಆ ಹುಡುಗಿ ಅಪ್ಪನ ಹೆಣದ ಪಕ್ಕ ಕೂತು ಅತ್ತಿದ್ದು ನಂಗೆ ಅಲ್ಲೇ ನಿಂತ ಹಾಗೆ ಕೇಳ್ತು. ಕಿವಿಗೆ ಮುಟ್ಟಿದ್ದು ಮೈಗೆ ಮುಟ್ಟಿಲ್ಲ ಅಂತ ನಾನು ಹ್ಯಾಗೆ ಹೇಳ್ಲಿ?"

ಅದಕ್ಕೂ ಅವರ ಹತ್ತಿರ ಉತ್ತರವಿತ್ತು, ಅದರ ಮೇಲೊಂದು ಉತ್ತರವೂ ಇತ್ತು. ವಾದದಲ್ಲಿ ಸತ್ಯಭಾಮೆ ಗೆಲ್ಲಲಿಲ್ಲ. ಗೆಲ್ಲುತ್ತೇನೆ ಎಂದು ಅವಳು ಹೊರಟಿರಲೂ ಇಲ್ಲ. ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಸರಿ. ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ" ಎಂದಳು. "ನಂಗೆ ಸೂತಕ. ನನ್ನ ಭಾವ ತೀರ್ಕೊಂಡಿದಾರೆ. ಹತ್ತು ದಿನ ನಾನು ದೇವರ ಕೋಣೆಗೂ ಹೋಗಲ್ಲ, ಒಲೆಯನ್ನೂ ಮುಟ್ಟಲ್ಲ, ಸಂಕಲ್ಪಕ್ಕೂ ಕೂರಲ್ಲ."

ಅರ್ಧ ತಿಕ್ಕಿದ ಕೊಡಗಳನ್ನು ಅಂಗಳದಲ್ಲೇ ಬಿಟ್ಟು, ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಚಾಪೆ ದಿಂಬು ಎತ್ತಿಕೊಂಡು ಹೊರಗಿನ ಕೋಣೆಗೆ ಹೋದಳು. ಜಗಲಿಯಲ್ಲಿ ಮೂವರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನ ಸಂಕಲ್ಪ ಮಾಡಬೇಕಾದರೆ ಪಕ್ಕದಲ್ಲಿ ಹೆಂಡತಿ ಬೇಕು. ಇಷ್ಟು ಹೊತ್ತೂ ಅದು ಯಾರಿಗೂ ನೆನಪಿಗೆ ಬಂದಿರಲಿಲ್ಲ.

ಅವತ್ತಿನಿಂದ ಸುಬ್ಬಕೃಷ್ಣನ ಅಡುಗೆ ಶುರುವಾಯಿತು. ಮೊದಲ ದಿನ ಗಂಜಿ, ಎರಡನೇ ದಿನ ಗಂಜಿಯಂಥ ಅನ್ನ, ಮೂರನೇ ದಿನ ತಳ ಹತ್ತಿದ ಉಪ್ಪಿಟ್ಟು. ಹೆಂಡತಿಯ ಪಾಲನ್ನು ತಟ್ಟೆಯಲ್ಲಿ ಹಾಕಿ ಕೋಣೆಯ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದ. ಅವಳು ಮಾತಿಲ್ಲದೆ ಉಂಡು ತಟ್ಟೆ ತೊಳೆದಿಡುತ್ತಿದ್ದಳು. ಉಪ್ಪಿಟ್ಟಿನ ದಿನ ಮಾತ್ರ, "ಒಲೆ ಸಣ್ಣ ಮಾಡ್ಬೇಕು" ಎಂದಳು. ಅವನು "ಹ್ಞೂಂ" ಎಂದ. ಆ ಮೂರು ದಿನ ಗಂಡ ಹೆಂಡಿರ ನಡುವೆ ನಡೆದ ನೆಟ್ಟಗಿನ ಮಾತು ಅದೊಂದೇ.

ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅಂಗಳದಲ್ಲೇ ನಿಂತು, ಹಟ ಯಾಕೆ, ಎಷ್ಟು ವರ್ಷದ ಆಸೆ ಅವರದ್ದು, ಅಷ್ಟಕ್ಕೂ ಅವರು ಬಿಟ್ಟುಹೋದವರಲ್ಲವಾ ಎಂದರು. ಸತ್ಯಭಾಮೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಬಿಟ್ಟುಹೋದವ್ರು ಅವ್ರಲ್ಲ. ಬಿಟ್ಟವ್ರು ಈ ಮನೆಯವ್ರು."

ಗುರುವಾರ ಮಗ ಚಿರಂತನ ಸಾಗರದಿಂದ ಬಂದ. ಅಲ್ಲಿ ಕಾಲೇಜಿನಲ್ಲಿ ಲೆಕ್ಚರರು, ಅಪ್ಪನಿಗೂ ಎದುರಾಡದ, ಅಮ್ಮನಿಗೂ ಎದುರಾಡದ ಸ್ವಭಾವ. ಇಬ್ಬರ ನಡುವಿನ ಹೊಸ್ತಿಲ ಮೇಲೆ ಕೂತು ಸ್ವಲ್ಪ ಹೊತ್ತು ಉಗುರು ಕಚ್ಚಿದ.

"ಅಮ್ಮ, ನಾನು ನಿಂಗೆ ಟಿಕೆಟ್ ಮಾಡ್ಲಾ? ನಾನೂ ಬರ್ತೀನಿ. ಅಪ್ಪ ಅವರ ಕಲಶ ಮಾಡ್ಕೊಳ್ಳಿ."

"ನಾವಿಬ್ರೇ ಹೋಗಿ ಎಂತ ಮಾಡೋದು? ಅವ್ರು ಕೇಳಿದ್ದು ತಮ್ಮನ ಕೈಯ ನೀರನ್ನ, ನನ್ನ ಕೈಯದ್ದಲ್ಲ. ಕೊನೇ ದಿನ ಬಾಯಲ್ಲಿ ಬಂದಿದ್ದು ಅದೊಂದೇ ಮಾತು ಕಣೋ."

"ಅಷ್ಟು ದೊಡ್ಡ ವಿಷಯನಾ ಅಮ್ಮ, ಒಂದು ಬೊಗಸೆ ನೀರು?"

ಅವಳು ಆಗ ಮಗನಿಗೆ ಹೇಳಿದಳು. ಅವನು ಹುಟ್ಟುವುದಕ್ಕೆ ಮೊದಲಿನ ಮಾತು. ಮಾವನವರು ತೀರಿಕೊಂಡಾಗ ಪದ್ಮನಾಭರಿಗೆ ಟೆಲಿಗ್ರಾಂ ಹೋಯಿತು. ಆಗ ಗುವಾಹಟಿಯಿಂದ ಇಲ್ಲಿಗೆ ರೈಲು, ಬಸ್ಸು ಎಂದು ನಾಲ್ಕೈದು ದಿನದ ದಾರಿ. ಅವರು ಬಂದರು. ಮಾಸಿದ ಪ್ಯಾಂಟು, ಬಾಡಿದ ಮುಖ. ದೇಶಾಂತರ, ನನಗೇನೂ ತಾಗುವುದಿಲ್ಲ ಎಂದು ಅಲ್ಲೇ ತಲೆಗೆ ನೀರು ಹಾಕಿಕೊಂಡು ಕೂರಲಿಲ್ಲ. ಅವರನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ. ಹತ್ತನೇ ದಿನ ತುಂಗೆಯಲ್ಲಿ ದಾಯಾದಿಗಳೆಲ್ಲ ಸಾಲಾಗಿ ನಿಂತು ಸತ್ತವರಿಗೆ ಎಳ್ಳುನೀರು ಬಿಡುವಾಗ, ನಟರಾಜನ ಅಪ್ಪ ಪದ್ಮನಾಭರ ಎದೆಗೆ ಕೈ ಅಡ್ಡ ಹಿಡಿದು, ನಿನಗಿಲ್ಲಿ ಜಾಗವಿಲ್ಲ ಎಂದರು. ಹಿರಿಯ ಮಗ. ಅವರು ಹೊಳೆಯ ಕೆಳಗಡೆ ಬಂಡೆಗಳ ನಡುವೆ ಇಳಿದುಹೋಗಿ ಸೊಂಟದವರೆಗಿನ ನೀರಿನಲ್ಲಿ ಒಬ್ಬರೇ ನಿಂತು ಅಪ್ಪನಿಗೆ ನೀರು ಬಿಟ್ಟರು. ಸುಬ್ಬಕೃಷ್ಣ ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದ. ತಿರುಗಿ ನೋಡಲಿಲ್ಲ.

"ನಾನು ಮೆಟ್ಟಿಲ ಮೇಲೆ ಹೆಂಗಸರ ಜೊತೆ ನಿಂತಿದ್ದೆ. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಆಗ ನಂಗೆ ಈ ಮನೆಯಲ್ಲಿ ಬಾಯಿ ಇರಲಿಲ್ಲ" ಎಂದಳು. "ಈಗ ಇದೆ."

ಚಿರಂತನ ಎದ್ದು ಒಳಗೆ ಹೋದ. ಅಪ್ಪನ ಹತ್ತಿರ ಏನು ಮಾತಾಡಿದನೋ, ಅವಳಿಗೆ ಕೇಳಿಸಲಿಲ್ಲ. ಆ ಸಂಜೆ ಸುಬ್ಬಕೃಷ್ಣ ಊಟ ಮಾಡಲಿಲ್ಲ. ಆದರೆ ಮಾರನೇ ದಿನ ಬೆಳಿಗ್ಗೆ ಮುಕುಂದಯ್ಯನವರ ಮನೆಗೆ ಹೋಗಿಬಂದವನ ಮುಖದಲ್ಲಿ ಗೆಲುವಿತ್ತು. ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಭಾಮಾ, ಭಟ್ರು ಒಂದು ದಾರಿ ಹೇಳಿದಾರೆ. ಹೆಂಡತಿ ಕೂರೋಕೆ ಆಗದೆ ಇದ್ರೆ ಆ ಜಾಗದಲ್ಲಿ ದರ್ಭೆಯ ಕೂರ್ಚ ಇಟ್ಟು ಸಂಕಲ್ಪ ಮಾಡಬಹುದಂತೆ. ನೀನು ನಿನ್ನ ಸೂತಕ ಹಿಡ್ಕೊಂಡಿರು. ನಿಂಗೂ ತೊಂದರೆ ಇಲ್ಲ, ನಂಗೂ ಇಲ್ಲ."

ದರ್ಭೆ ಅಂದರೆ ಹುಲ್ಲು. ಮೂವತ್ತು ವರ್ಷದ ಮೇಲೆ ಸಂಸಾರ ಮಾಡಿ, ಇವನ ಅಪ್ಪ ಅಮ್ಮನ ಸೇವೆ ಮಾಡಿ, ಇವನ ಅಣ್ಣನಿಗೆ ಇವನ ಬದಲು ಮಾತಾಡಿ, ಕೊನೆಗೆ ತನ್ನ ಜಾಗಕ್ಕೆ ಒಂದು ಹಿಡಿ ಹುಲ್ಲು ಸಾಕಾಯಿತು. ಸತ್ಯಭಾಮೆಗೆ ಅಳು ಬಂತು. ಬಂದ ಅಳುವನ್ನು ನುಂಗಿಕೊಂಡಳು, ಯಾಕೆಂದರೆ ಈ ಮನುಷ್ಯನ ಎದುರು ಅತ್ತರೆ ಅವನು ಸಮಾಧಾನ ಮಾಡಿ ತಾನು ಒಳ್ಳೆಯವನು ಎಂದುಕೊಳ್ಳುತ್ತಾನೆ.

"ಇಟ್ಕೊಳ್ಳಿ" ಎಂದಳು. "ಹುಲ್ಲೇ ವಾಸಿ. ಎದುರು ಮಾತಾಡೋದಿಲ್ಲ."

ಅವನು ಹೋದ ಮೇಲೆ ಗೋಡೆಗೆ ಒರಗಿ ಕೂತಳು. ಅವಳ ಕೈಯಲ್ಲಿದ್ದ ಒಂದೇ ಹಿಡಿತ ತಪ್ಪಿತ್ತು. ಇನ್ನು ಭಾನುವಾರ ಬೆಳಿಗ್ಗೆ ಸಂಕಲ್ಪ ಆಗಿ ಗಂಡನ ಕೈಗೆ ಕಂಕಣ ಕಟ್ಟಿದರೆ ಮುಗಿಯಿತು. ಆಮೇಲೆ ಯಾರು ಸತ್ತರೂ ಅವನಿಗೆ ಸೂತಕ ತಾಗುವುದಿಲ್ಲ, ದೇವಕಾರ್ಯ ಮುಗಿಯುವ ತನಕ ಅವನು ಊರಿನ ಗಡಿ ದಾಟುವ ಹಾಗೂ ಇಲ್ಲ. ಕಾರ್ಯ ಇರುವುದು ಐದು ದಿನ. ಅಲ್ಲಿ ಹತ್ತನೇ ದಿನ ಬುಧವಾರ. ಅಪ್ಪ ಹೇಳಿದ ಸುಬ್ಬುವಿಗಾಗಿ ಆ ಹುಡುಗಿ ನದಿ ದಂಡೆಯಲ್ಲಿ ಕಾಯುತ್ತಾಳೆ.

ಶನಿವಾರ ಧೃತಿಯ ಫೋನು ಬಂತು. "ಚಿಕ್ಕಪ್ಪ ಯಾವತ್ತು ಬರ್ತಾರೆ ಚಿಕ್ಕಮ್ಮ? ಅಮ್ಮ ಅವ್ರಿಗೆ ಅಂತ ಬೇರೆ ಪಾತ್ರೆ ತಂದಿಟ್ಟಿದಾರೆ. ಹೊಸದು. ಅದ್ರಲ್ಲಿ ಮೀನು ಗೀನು ಏನೂ ಮಾಡಿಲ್ಲ ಅಂತ ಹೇಳು ಅಂದ್ರು."

ಗಂಡ ಸತ್ತು ಇನ್ನೂ ವಾರವಾಗದ ಹೆಂಗಸು, ತನ್ನನ್ನು ಒಂದು ದಿನವೂ ಹೊಸ್ತಿಲು ದಾಟಿಸದ ಮನೆಯವನಿಗಾಗಿ ಪೇಟೆಗೆ ಹೋಗಿ ಪಾತ್ರೆ ತಂದಿದ್ದಾಳೆ. "ಬಂದೇ ಬರ್ತಾರೆ" ಎಂದಳು ಸತ್ಯಭಾಮೆ. ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಚಂಡೆ ಶುರುವಾಯಿತು. ಸುಬ್ಬಕೃಷ್ಣ ಮಡಿಯುಟ್ಟು ಹೋದ. ಹೋಗುವಾಗ ಹೊರಗಿನ ಕೋಣೆಯ ಕಡೆ ನೋಡಿದ ಹಾಗಿತ್ತು, ನೋಡದ ಹಾಗೂ ಇತ್ತು. ಅವಳು ಎದ್ದು ಸ್ನಾನ ಮಾಡಿದಳು. ಮಾಮೂಲಿ ನೂಲಿನ ಸೀರೆ ಉಟ್ಟಳು. ಕುಂಕುಮ ಇಟ್ಟು, ಚಪ್ಪಲಿ ಹಾಕದೆ ಹೊರಟಳು. ಚಿರಂತನ ಹಿಂದೆ ಬಂದ.

"ಎಲ್ಲಿಗಮ್ಮ?"

"ನಿಮ್ಮಪ್ಪನ ಹತ್ರ ಒಂದು ಮಾತು ಕೇಳೋದಿದೆ."

ದೇವಸ್ಥಾನದ ಒಳಗೆ ಅವಳು ಹೋಗಲಿಲ್ಲ. ಸೂತಕದವಳು ಹೋಗಬಾರದು, ಅವಳು ಹಿಡಿದ ನೇಮ ಅವಳಿಗೆ ನೇಮವೇ. ಕೆರೆಯಿಂದ ದೇವಸ್ಥಾನದ ಬಾಗಿಲಿಗೆ ಬರುವ ದಾರಿಯ ಪಕ್ಕದಲ್ಲಿ ನಿಂತಳು. ಕೆರೆಯಲ್ಲಿ ಮುಳುಗಿ ಎದ್ದ ಯಜಮಾನ ಅದೇ ದಾರಿಯಲ್ಲಿ ಬರಬೇಕು. ಎರಡೂ ಕಡೆ ಜನ. ಮನೆಗೆ ವಾಪಸು ಹೋಗಿಬಿಡಲಾ ಎಂದು ಒಂದು ಸಲ ಅನ್ನಿಸಿತು, ಆ ಹೊಸ ಪಾತ್ರೆಯ ನೆನಪಾಗಿ ಕಾಲು ಅಲ್ಲೇ ನಿಂತಿತು.

ಚಂಡೆಯವರು ಮುಂದೆ ಹೋದರು. ಹಿಂದೆ ಮುಕುಂದಯ್ಯನವರು, ಅವರ ಹಿಂದೆ ಎರಡೂ ಕೈಯಲ್ಲಿ ತುಂಬಿದ ಕಲಶ ಹಿಡಿದ ಸುಬ್ಬಕೃಷ್ಣ, ಆಮೇಲೆ ನಟರಾಜ ಮತ್ತು ದಾಯಾದಿಗಳ ಹಿಂಡು. ಸತ್ಯಭಾಮೆ ದಾರಿಯ ನಡುವೆ ಬಂದು ನಿಂತಳು. ಚಂಡೆಯವರಿಗೆ ಗೊತ್ತಾಗಲಿಲ್ಲ, ಬಾರಿಸುತ್ತಲೇ ಒಳಗೆ ಹೋದರು. ಉಳಿದವರು ನಿಂತರು.

"ಭಾಮಾ, ಎಂತ ಇದು" ಎಂದ ಸುಬ್ಬಕೃಷ್ಣ, ಮೆಲ್ಲಗೆ.

"ಗಲಾಟೆ ಮಾಡೋಕೆ ಬಂದಿಲ್ಲ" ಎಂದಳು. ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು. "ಯೋಚನೆ ಮಾಡಿದೆ. ಸ್ನಾನ ಮಾಡಿದ್ರೆ ಶುದ್ಧಿ ಅಂತ ಭಟ್ರು ಹೇಳಿದಾರೆ. ನಾನೂ ಸ್ನಾನ ಮಾಡಿದೀನಿ. ನಿಮಗೆ ಸೂತಕ ಇಲ್ಲ ಅಂದ್ರೆ ನಂಗೂ ಇಲ್ಲ. ಹುಲ್ಲು ಬೇಡ, ನಾನೇ ಬಂದು ಪಕ್ಕ ಕೂರ್ತೀನಿ. ಆ ಹುಡುಗಿಗೆ ಫೋನು ಮಾಡಿ, ನಿಮ್ಮಪ್ಪ ನಮಗೆ ಯಾರೂ ಅಲ್ಲ ಅಂತ ನಾನೇ ಹೇಳ್ತೀನಿ. ಇದರ ಮೇಲೆ ಒಂದು ಮಾತು ಎತ್ತಲ್ಲ."

ನಟರಾಜನ ಮುಖ ಅರಳುತ್ತಾ ಬಂತು. ಸತ್ಯಭಾಮೆ ಬಲಗೈ ಮುಂದೆ ಚಾಚಿದಳು.

"ಕೈ ಹಿಡೀರಿ. ಕರ್ಕೊಂಡು ಹೋಗಿ."

ಮಾತು ಸಾಚಾ. ಅವನು ಹಿಡಿದಿದ್ದರೆ ಅವಳು ಹೋಗಿ ಕೂರುತ್ತಿದ್ದಳು. ಆ ಕೈ ಚಾಚಿದ ಗಳಿಗೆಯಲ್ಲಿ ಅವಳು ಎಲ್ಲವನ್ನೂ ಅವನ ಮುಂದೆ ಇಟ್ಟುಬಿಟ್ಟಿದ್ದಳು. ಅವನು ಹಿಡಿದರೆ ಪದ್ಮನಾಭ ಈ ಮನೆಗೆ ಯಾರೂ ಅಲ್ಲ, ಅವಳ ಬಾಯಿಂದಲೇ.

ಸುಬ್ಬಕೃಷ್ಣ ಕಲಶವನ್ನು ಎಡಗೈಗೆ ಬದಲಿಸಿಕೊಂಡ. ಬಲಗೈ ಎತ್ತಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

ಅವನು ಹಿಂದೆ ಸರಿದ.

ಬೇಕೆಂದು ಸರಿದದ್ದಲ್ಲ. ಮೈ ತಾನಾಗಿ ಸರಿಯಿತು. ಹುಟ್ಟಿದಂದಿನಿಂದ ಸಾವಿನ ಮನೆಯವರಿಂದ ಹಾಗೆ ಸರಿದು ಅಭ್ಯಾಸವಾದ ಮೈ. ಅವನೊಬ್ಬನೇ ಅಲ್ಲ. ಮುಕುಂದಯ್ಯನವರು ಪಂಚೆಯನ್ನು ಮೇಲೆತ್ತಿ ಪಕ್ಕಕ್ಕೆ ಹಾರಿದ್ದರು. ನಟರಾಜ ಹಿಂದಿನವನ ಕಾಲು ತುಳಿದಿದ್ದ. ಸತ್ಯಭಾಮೆಯ ಸುತ್ತ ಒಂದು ಬರಿದಾದ ಜಾಗ ಆಯಿತು. ಅವಳ ಕೈ ಹಾಗೇ ಚಾಚಿಕೊಂಡಿತ್ತು.

"ಯಾಕೆ ಸರಿದ್ರಿ?" ಎಂದಳು.

ಅವಳು ಮುಕುಂದಯ್ಯನವರ ಕಡೆ ತಿರುಗಿದಳು.

"ಭಟ್ರೇ, ನೀವು ಹೇಳಿ. ಯಾರೂ ಸತ್ತಿಲ್ಲ ಅಂದ್ರೆ ನನ್ನ ಕಂಡು ಎಲ್ಲರೂ ಹಿಂದೆ ಹಾರಿದ್ದು ಎಂತಕ್ಕೆ?"

ಮುಕುಂದಯ್ಯನವರಿಗೆ ಯಾವ ಪ್ರಶ್ನೆಗೂ ಉತ್ತರ ಗೊತ್ತಿರುತ್ತಿತ್ತು. ಈಗ ಅವರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಸುಬ್ಬಕೃಷ್ಣ ತಾನು ಹಿಂದೆ ಇಟ್ಟ ಕಾಲನ್ನು ನೋಡುತ್ತಿದ್ದ. ಅವನ ಕೈಯಲ್ಲಿ ಕಲಶದ ನೀರು ತುಳುಕುತ್ತಿತ್ತು.

"ನಟರಾಜ, ಬೇರೆ ಮನೆತನದವ್ರು ಯಾರಾದ್ರೂ ಇದಾರಾ ನೋಡು. ಇದನ್ನ ತಗೊಳ್ಳಲಿ" ಎಂದ.

"ಸುಬ್ಬಣ್ಣ, ಈಗ ಮುಹೂರ್ತದ ಹೊತ್ತಿಗೆ—"

"ನಂಗೆ ಸೂತಕ ಕಣೋ. ನಿಂಗೂ ಇದೆ. ನಮ್ಮಣ್ಣ ತೀರ್ಕೊಂಡಿದಾನೆ."

ಅವನು ಕಲಶವನ್ನು ದಾರಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟ. ಹೆಗಲ ಶಲ್ಯದ ತುದಿಯನ್ನು ಬಾಯಿಗೆ ಒತ್ತಿಕೊಂಡು, ಅಷ್ಟು ಜನರ ಎದುರು, ಸಣ್ಣ ಹುಡುಗನ ಹಾಗೆ ಬಿಕ್ಕಿದ. ಆರು ದಿನ ತಡವಾಗಿ ಬಂದ ಅಳು. ಅದಕ್ಕೂ ಹಿಂದಿನದು ಎಷ್ಟು ವರ್ಷದ್ದು ಸೇರಿತ್ತೋ. ಸತ್ಯಭಾಮೆ ಸಮಾಧಾನ ಮಾಡಲು ಹೋಗಲಿಲ್ಲ. ಅಳಲಿ ಎಂದು ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಆ ಬರಿದಾದ ಜಾಗ ದಾಟಿ ಅವಳ ಹತ್ತಿರ ಬಂದ. ಒಂದೇ ಸೂತಕದವರು ಒಬ್ಬರನ್ನೊಬ್ಬರು ಮುಟ್ಟಬಹುದು. ಅವನು ಅವಳ ಕೈ ಹಿಡಿದುಕೊಂಡ. ಕೆರೆಯ ನೀರಿನಿಂದ ಅವನ ಬೆರಳು ತಣ್ಣಗಿದ್ದವು.

"ಬುಧವಾರ ಅಲ್ದಾ, ಹತ್ತನೇ ದಿನ?"

"ಹೌದು."

"ಮುಟ್ಟೋಕೆ ಆಗ್ತದಾ?"

"ಈಗ ಹೊರಟ್ರೆ ಆಗ್ತದೆ. ಚಿರಂತನ ಟಿಕೆಟ್ ನೋಡ್ತಾನೆ."

ಅವನು ತಲೆಯಾಡಿಸಿದ. ಆಮೇಲೆ ಕೇಳಿದ, "ಅತ್ತಿಗೆ ನನ್ನನ್ನ ಮನೆಯೊಳಗೆ ಬಿಡ್ತಾರಾ, ಭಾಮಾ?"

ಸತ್ಯಭಾಮೆಗೆ ಸುಲಭಕ್ಕೆ ಬಿಟ್ಟುಕೊಡುವ ಮನಸ್ಸು ಇನ್ನೂ ಬಂದಿರಲಿಲ್ಲ. "ಅಲ್ಲಿ ಹೋಗಿ ಅವ್ರನ್ನೇ ಕೇಳಿ" ಎಂದಳು.

ಇಬ್ಬರೂ ಮನೆಯ ಕಡೆ ತಿರುಗಿದರು. ಜನ ಎರಡು ಪಕ್ಕಕ್ಕೂ ದೂರ ಸರಿದು ದಾರಿ ಬಿಟ್ಟರು, ಸಾವಿನ ಮನೆಯವರಿಗೆ ಬಿಡುವ ಹಾಗೆ. ಸತ್ಯಭಾಮೆ ಗಂಡನ ಕೈ ಬಿಡದೆ, ತಲೆ ತಗ್ಗಿಸದೆ ಆ ದಾರಿಯಲ್ಲಿ ನಡೆದಳು.